ಜೋಳಿಗೆ ಮತ್ತು ತಟ್ಟೆ: ಮಕ್ಕಳ ಅನ್ನಕ್ಕಾಗಿ ನಡೆಯುವ ಸಮುದಾಯ ಸಂಗ್ರಹದ ಪರಿಶೀಲನೆ

ಕರ್ನಾಟಕದ ಮಠಗಳ ಉಚಿತ ಪ್ರಸಾದ ನಿಲಯಗಳನ್ನು ಕುರಿತ ಬರಹಗಳು ಬಹುಮಟ್ಟಿಗೆ ಮಠಾಧೀಶರ ಚರಿತ್ರೆಗಳೇ ಆಗಿವೆ. ಕೊಟ್ಟವರು ಯಾರು, ಕೊಟ್ಟದ್ದೇನು, ಅದು ಮಗುವಿನ ತಟ್ಟೆಗೆ ಏನಾಗಿ ಬಂತು ಎಂಬುದು ಅವುಗಳಲ್ಲಿ ಹಿಂದೆ ಸರಿದಿದೆ. ಸಂಗ್ರಹದ ರೀತಿಯೇ ಊಟದ ರೀತಿಯನ್ನು ಗೊತ್ತುಮಾಡುತ್ತದೆ ಎಂಬುದು ಈ ಲೇಖನದ ವಾದ.

ತುಮಕೂರಿನ ಸಿದ್ಧಗಂಗಾ ಮಠವನ್ನು ಮೊದಲು ನೋಡಬಹುದು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಊರೂರು ತಿರುಗಿ ಭಿಕ್ಷೆ ಎತ್ತಿ ಮಕ್ಕಳನ್ನು ಸಾಕಿದರು. ಜಾತಿ, ಮತ ಕೇಳದೆ ಸೇರಿಸಿಕೊಂಡ ಆ ನಿಲಯ ಮುಂದೆ ಸಾವಿರಾರು ವಿದ್ಯಾರ್ಥಿಗಳಿಗೆ ಮನೆಯಾಯಿತು. ರೈತರ ಕೈಯಲ್ಲಿದ್ದದ್ದು ರೊಕ್ಕವಲ್ಲ, ಕಾಳು. ಅದೂ ಸುಗ್ಗಿಯಲ್ಲಿ ಮಾತ್ರ. ಸುಗ್ಗಿ ವರ್ಷಕ್ಕೊಮ್ಮೆ, ಹಸಿವು ದಿನಾ. ಹೀಗಾಗಿ ಕೂಡಿಟ್ಟರೆ ಕೆಡದ ವಸ್ತುವೇ ಇಂಥ ಸಂಗ್ರಹದ ಆಧಾರವಾಯಿತು: ರಾಗಿ, ಅಕ್ಕಿ, ಬೇಳೆ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಇದೇ ತರ್ಕ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ ಲಕ್ಷಗಟ್ಟಲೆ ಬರುತ್ತದೆ. ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಹೇರಿ ತರುತ್ತಾರೆ. ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ, ಆದ್ದರಿಂದಲೇ ಅದು ದಾನಕ್ಕೆ ಒಗ್ಗುತ್ತದೆ. ಈ ದಾಸೋಹ ಜಾತ್ರೆಗೆ ಬಂದ ಭಕ್ತರದು, ನಿಲಯದ ಮಕ್ಕಳದ್ದಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಕೊಡುವ ರೂಢಿ ಬೆಳೆಯುವುದು ಇಲ್ಲೇ. 2022ರಲ್ಲಿ ಐದು ಸಾವಿರ ವಿದ್ಯಾರ್ಥಿಗಳ ವಸತಿ ನಿಲಯಕ್ಕಾಗಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಕಣ್ಣೀರಿಟ್ಟು ನೆರವು ಬೇಡಿದಾಗ ಜನ ಕೂಡಲೇ ಮುಂದೆ ಬಂದದ್ದನ್ನು ಈ ರೂಢಿಯಿಂದ ಬೇರ್ಪಡಿಸಿ ನೋಡಲಾಗದು. ಒಂದು ಮಾತು ಸೇರಿಸಬೇಕು: ಸಾವಿರ ರೂಪಾಯಿ ಕೊಟ್ಟವರಿಗೆ ರಸೀದಿ ಸಿಗುತ್ತದೆ, ಒಲೆ ಮುಂದೆ ಕೂತು ರೊಟ್ಟಿ ಬಡಿದ ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ದಾನದ ಇತಿಹಾಸ ಬರೆಯುವವರು ರಸೀದಿ ಪುಸ್ತಕವನ್ನಷ್ಟೇ ನಂಬಿದರೆ ಅರ್ಧ ದಾನಿಗಳು ಕಳೆದುಹೋಗುತ್ತಾರೆ.

ಇನ್ನು ಜೋಳಿಗೆಗೆ ಬೀಳದ ಪದಾರ್ಥಗಳ ವಿಚಾರ. ಹಾಲು, ಸೊಪ್ಪು, ಹಣ್ಣು ಕೂಡಿಟ್ಟರೆ ಕೆಡುತ್ತವೆ. ಮೊಟ್ಟೆಯಂತೂ ಮಠದ ಅಡುಗೆಮನೆಗೆ ಬಾರದು. ನೂರು ಗ್ರಾಂ ರಾಗಿಯಲ್ಲಿರುವ ಪ್ರೋಟೀನು ಸುಮಾರು 7 ಗ್ರಾಂ, ತೊಗರಿಬೇಳೆಯಲ್ಲಿ 22. ಆದರೆ ಬೇಳೆ ದುಬಾರಿ, ಸಾರು ತೆಳ್ಳಗಾಗುವುದು ಸುಲಭ. ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ. ಸುಪ್ರೀಂ ಕೋರ್ಟು 2001ರ ನವೆಂಬರ್ 28ರ ಆದೇಶದಲ್ಲಿ ಶಾಲಾ ಬಿಸಿಯೂಟಕ್ಕೆ ಕನಿಷ್ಠ 300 ಕ್ಯಾಲೊರಿ ಮಾತ್ರವಲ್ಲದೆ 8ರಿಂದ 12 ಗ್ರಾಂ ಪ್ರೋಟೀನನ್ನೂ ನಿಗದಿ ಮಾಡಿದ್ದು ಈ ಕಾರಣಕ್ಕೆ ಮುಖ್ಯ. ಮರುವರ್ಷ ಕರ್ನಾಟಕ ತನ್ನ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಹೆಸರು ಮಠದ್ದು, ಹೊಣೆ ಸರಕಾರದ್ದು. 2013ರಲ್ಲಿ ಕ್ಷೀರಭಾಗ್ಯದ ಹಾಲೂ ಸೇರಿತು.

ದಾನಿ ಅನ್ನದ ಜೊತೆಗೆ ತನ್ನ ಆಹಾರನೀತಿಯನ್ನೂ ತರುತ್ತಾನೆ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾದ, ಶಾಲೆಗಳಿಗೆ ಬಿಸಿಯೂಟ ಒದಗಿಸುವ ಅಕ್ಷಯಪಾತ್ರ ಸಂಸ್ಥೆಯ ವ್ಯಾಪ್ತಿ, ದಕ್ಷತೆ ಎರಡೂ ದೊಡ್ಡವು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅದರ ಅಡುಗೆ ಮಕ್ಕಳ ನಾಲಗೆಗೆ ಹಿಡಿಸುತ್ತದೆಯೇ ಎಂಬ ತಕರಾರೂ ಅಷ್ಟೇ ದೊಡ್ಡದು. 2021ರಲ್ಲಿ ಶಾಲೆಗಳಿಗೆ ಮೊಟ್ಟೆ ಬಂದಾಗ ವಿರೋಧಿಸಿದವರಲ್ಲಿ ಮಠಾಧೀಶರೂ ಇದ್ದರು. ತಮ್ಮ ನಿಲಯದ ಪಂಕ್ತಿಯಲ್ಲಿ ಏನು ಬಡಿಸಬೇಕೆಂಬುದು ಅವರಿಗೆ ಬಿಟ್ಟದ್ದು. ಸಾರ್ವಜನಿಕ ಶಾಲೆಯ ತಟ್ಟೆಗೆ ಆ ಅಧಿಕಾರ ವಿಸ್ತರಿಸದು. ಕೊಟ್ಟ ಕೈಯ ಮೇಲಿನ ಗೌರವ ಒಂದು, ಉಣ್ಣುವ ಮಗುವಿನ ಹಕ್ಕು ಇನ್ನೊಂದು.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣದಿಂದ ವಾರಕ್ಕೆರಡು ದಿನವಿದ್ದ ಮೊಟ್ಟೆ ಆರು ದಿನಕ್ಕೇರಿತು. ಇದೂ ದಾನವೇ. ಆದರೆ ಇಲ್ಲಿ ಮೊಟ್ಟೆ ಒಲ್ಲದ ಮಗು ಬಾಳೆಹಣ್ಣು ಕೇಳಿ ಪಡೆಯಬಹುದು.