ಗಿರಾಕಿಗೊಂದು ಪತ್ರ: ಇಮೇಲ್ ನ್ಯೂಸ್‌ಲೆಟರ್ ನಡೆದು ಬಂದ ದಾರಿ

ಸಣ್ಣ ವ್ಯಾಪಾರದವರಿಗೆ ಪ್ರಚಾರದ ದಾರಿಗಳು ಇಂದು ಹತ್ತಾರು. ಇನ್‌ಸ್ಟಾಗ್ರಾಂ ಇದೆ, ವಾಟ್ಸ್‌ಆ್ಯಪ್ ಇದೆ, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಗುರುತಿದೆ. ಇಷ್ಟರ ನಡುವೆಯೂ ಐವತ್ತು ವರ್ಷ ದಾಟಿದ ಇಮೇಲ್ ಯಾಕೆ ಉಳಿದಿದೆ? ಉತ್ತರ ಅದರ ಚರಿತ್ರೆಯಲ್ಲಿದೆ. ಈ ಐದು ದಶಕಗಳಲ್ಲಿ ಕಳಿಸುವವರ ಕೈ ಕಟ್ಟುವ ನಿಯಮಗಳು ಒಂದಾದ ಮೇಲೊಂದು ಬಂದವು. ಓದುವವರಿಗೆ ‘ಬೇಡ’ ಎನ್ನುವ ಹಕ್ಕು ಗಟ್ಟಿಯಾಗುತ್ತಾ ಹೋಯಿತು. ಪ್ರತಿ ಸಲವೂ ಇಮೇಲ್ ಪ್ರಚಾರದ ಕಾಲ ಮುಗಿಯಿತೆಂಬ ಮಾತು ಹುಟ್ಟಿತು. ಆದರೆ ಪೆಟ್ಟು ತಿಂದವರು ಹೆಚ್ಚಾಗಿ ಸಿಕ್ಕಸಿಕ್ಕವರಿಗೆಲ್ಲ ಮೇಲ್ ಸುರಿಯುತ್ತಿದ್ದವರು. ಗಿರಾಕಿಯ ಗುರುತು ಪರಿಚಯವಿರುವ ಸಣ್ಣ ಅಂಗಡಿಗೆ ಒಟ್ಟಿನಲ್ಲಿ ಅನುಕೂಲವೇ ಆಯಿತು.

ಅಂಚೆಯ ಕಾಲದ ಪಟ್ಟಿ

ಪತ್ರ ಬರೆದು ವ್ಯಾಪಾರ ಕುದುರಿಸುವ ಪದ್ಧತಿ ಇಮೇಲ್‌ಗಿಂತ ಬಹಳ ಹಳೆಯದು. 1912ರಲ್ಲಿ ಅಮೆರಿಕದ ಮೇನ್ ರಾಜ್ಯದ ಎಲ್.ಎಲ್. ಬೀನ್ ರಬ್ಬರ್ ತಳದ, ಚರ್ಮದ ಮೇಲ್ಭಾಗದ ಬೇಟೆಯ ಬೂಟು ತಯಾರಿಸಿದ. ಹೊರಗಿನಿಂದ ಬಂದು ಮೇನ್‌ನಲ್ಲಿ ಬೇಟೆಯ ಲೈಸೆನ್ಸ್ ಪಡೆದವರ ಪಟ್ಟಿ ಹಿಡಿದು, ಅವರಿಗೆಲ್ಲ ಅಂಚೆಯಲ್ಲಿ ಕರಪತ್ರ ಕಳಿಸಿದ. ಮೊದಲು ಮಾರಿದ 100 ಜೋಡಿಯಲ್ಲಿ 90 ಜೋಡಿ ಹೊಲಿಗೆ ಬಿಟ್ಟು ವಾಪಸ್ ಬಂದವು. ಬೀನ್ ಹಣ ಹಿಂದಿರುಗಿಸಿ, ಸಾಲ ಮಾಡಿ, ಬೂಟನ್ನು ಸರಿಪಡಿಸಿ ಮತ್ತೆ ಅಂಚೆ ಪೆಟ್ಟಿಗೆಯ ದಾರಿ ಹಿಡಿದ. ಆ ಕಂಪನಿ ಇಂದಿಗೂ ಇದೆ. ಸರಕು ಕೆಟ್ಟಾಗಲೂ ಉಳಿದದ್ದು ಗಿರಾಕಿಗಳ ಪಟ್ಟಿ ಮತ್ತು ಅವರ ವಿಶ್ವಾಸ.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ.ಬಿ. ಜೋಶಿಯವರ ಮುಂದಾಳುತನದಲ್ಲಿ ಶುರುವಾದ ಈ ಪ್ರಕಾಶನ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕ ಹೊರತಂದಿತು. ಓದುಗರು ತಾವಾಗಿ ಹೆಸರು ಕೊಟ್ಟು, ಚಂದಾ ಕಟ್ಟಿ, ಪುಸ್ತಕಕ್ಕೆ ಕಾದರು. ಬೀನ್ ಪಟ್ಟಿಯನ್ನು ಬೇರೆಡೆಯಿಂದ ತಂದ. ಗ್ರಂಥಮಾಲೆಯ ಪಟ್ಟಿ ಓದುಗರೇ ಕಟ್ಟಿಕೊಟ್ಟದ್ದು. ಮುಂದೆ ಇಮೇಲ್ ಲೋಕದ ದೊಡ್ಡ ಜಗಳಗಳೆಲ್ಲ ನಡೆದದ್ದು ಈ ಎರಡು ಬಗೆಯ ಪಟ್ಟಿಗಳ ಸುತ್ತಲೇ.

ಕೇಳದೆ ಬಂದ ಮೊದಲ ಮೇಲ್

1971ರಲ್ಲಿ ರೇ ಟಾಮ್ಲಿನ್‌ಸನ್ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದ ಮೂಲಕ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದ. ಏಳು ವರ್ಷದಲ್ಲಿ ಮಾರಾಟದವರು ಅಲ್ಲಿಗೂ ಬಂದರು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಹೊಸ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಕರೆಯಲು ಅರ್ಪಾನೆಟ್‌ನ ಸುಮಾರು 400 ಬಳಕೆದಾರರಿಗೆ ಒಂದೇ ಏಟಿಗೆ ಮೇಲ್ ಹಾಕಿಸಿದ. ವಿಳಾಸಗಳನ್ನು ಆರಿಸಿದ್ದು ಜಾಲದ ಮುದ್ರಿತ ಡೈರೆಕ್ಟರಿಯಿಂದ. ವಿಳಾಸಗಳು ತಮಗೆ ಮೀಸಲಾದ ಜಾಗ ಮೀರಿ ಪತ್ರದ ಒಡಲಿಗೇ ಹರಿದವು. ಓದುವವರು ಹೆಸರುಗಳ ಸಾಲುಗಳನ್ನು ದಾಟಿ ವಿಷಯಕ್ಕೆ ಬರಬೇಕಾಯಿತು. ಜಾಲದ ಆಡಳಿತ ಛೀಮಾರಿ ಹಾಕಿತು. ಅದರಿಂದ ಭರ್ಜರಿ ವ್ಯಾಪಾರವಾಯಿತೆಂದು ಥರ್ಕ್ ಮುಂದೆ ಹೇಳಿಕೊಂಡದ್ದೂ ಉಂಟು. ಇಂದು ಅದನ್ನು ಜಗತ್ತಿನ ಮೊದಲ ಸ್ಪ್ಯಾಮ್ ಎಂದು ಕರೆಯುತ್ತಾರೆ.

ಇದಕ್ಕೆ ತಿರುವುಮುರುವಾದ ದಾರಿ 1986ರಲ್ಲಿ ತೆರೆಯಿತು. ಎರಿಕ್ ಥಾಮಸ್ ಪ್ಯಾರಿಸ್‌ನಲ್ಲಿ ಬರೆದ ಲಿಸ್ಟ್‌ಸರ್ವ್ ತಂತ್ರಾಂಶದಲ್ಲಿ ಪಟ್ಟಿಗೆ ಸೇರುವುದು, ಪಟ್ಟಿಯಿಂದ ಹೊರಬರುವುದು ಎರಡನ್ನೂ ಓದುಗರೇ ಒಂದು ಆದೇಶ ಕಳಿಸಿ ಮಾಡಿಕೊಳ್ಳಬಹುದಿತ್ತು. ನ್ಯೂಸ್‌ಲೆಟರ್‌ಗೆ ಬೇಕಾದ ಬುನಾದಿ ಇದು.

ಮನೆಮನೆಗೆ ಇಮೇಲ್

ಇಮೇಲ್ ಜನಸಾಮಾನ್ಯರ ಕೈಗೆ ಬಂದದ್ದು 1990ರ ದಶಕದಲ್ಲಿ. ಭಾರತದಲ್ಲಿ ಸರ್ಕಾರಿ ಸ್ವಾಮ್ಯದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ಮರುವರ್ಷ ಜುಲೈ 4ಕ್ಕೆ, ಬೆಂಗಳೂರಿನಲ್ಲಿ ಶಾಲೆ ಓದಿದ್ದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಅಮೆರಿಕದಲ್ಲಿ ಹಾಟ್‌ಮೇಲ್ ತೆರೆದರು. ಬಳಕೆದಾರರು ಕಳಿಸುವ ಪ್ರತಿ ಮೇಲ್‌ನ ಅಡಿಯಲ್ಲಿ, ನೀವೂ ಪುಕ್ಕಟೆ ಖಾತೆ ತೆರೆಯಿರಿ ಎಂಬ ಒಂದು ಸಾಲು ತಾನಾಗಿ ಸೇರುತ್ತಿತ್ತು. ದೊಡ್ಡ ಜಾಹೀರಾತಿಲ್ಲದೆ ಹಾಟ್‌ಮೇಲ್ ಬೆಳೆದದ್ದು ಈ ಸಾಲಿನಿಂದ. 1997ರ ಕೊನೆಗೆ ಮೈಕ್ರೊಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರ್‌ಗೆ ಕೊಂಡಿತು.

ಇನ್‌ಬಾಕ್ಸ್ ಹೆಚ್ಚಿದಂತೆ ಕಸವೂ ಹೆಚ್ಚಿತು. ಆ ಹೊತ್ತಿನಲ್ಲಿ ಸೇತ್ ಗೋಡಿನ್ 1999ರಲ್ಲಿ ‘ಪರ್ಮಿಷನ್ ಮಾರ್ಕೆಟಿಂಗ್’ ಪುಸ್ತಕ ಬರೆದ. ಗಿರಾಕಿಯ ಗಮನವನ್ನು ಕಸಿಯಬೇಡಿ, ಒಪ್ಪಿಗೆ ಕೇಳಿ ಪಡೆಯಿರಿ ಎಂಬುದು ಅದರ ತಿರುಳು. ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ 2004ರ ಜನವರಿಯಲ್ಲಿ ಜಾರಿಗೆ ಬಂತು. ಒಪ್ಪಿಗೆ ಕೇಳಲೇಬೇಕೆಂದು ಅದು ಹೇಳಲಿಲ್ಲ. ಆದರೆ ಬೇಡವೆಂದವರ ಹೆಸರನ್ನು 10 ಕೆಲಸದ ದಿನಗಳೊಳಗೆ ತೆಗೆಯಬೇಕು, ಕಳಿಸುವವರ ಅಂಚೆ ವಿಳಾಸ ಮೇಲ್‌ನಲ್ಲೇ ಇರಬೇಕು ಎಂದಿತು. ಯುರೋಪಿನ ದತ್ತಾಂಶ ರಕ್ಷಣೆಯ ನಿಯಮ ಜಿಡಿಪಿಆರ್ 2018ರ ಮೇ ತಿಂಗಳಲ್ಲಿ ಬಂದು ಒಪ್ಪಿಗೆಯ ಷರತ್ತನ್ನು ಇನ್ನಷ್ಟು ಬಿಗಿ ಮಾಡಿತು.

ಸಣ್ಣವರ ಕೈಗೆ ಬಂದ ಸಾಧನ

ಸಾವಿರ ಮೇಲ್‌ಗಳನ್ನು ಒಟ್ಟಿಗೆ ಕಳಿಸುವುದು ಬಹುಕಾಲ ಕಂಪ್ಯೂಟರ್ ಬಲ್ಲವರ ಕೆಲಸವಾಗಿತ್ತು. ಅಟ್ಲಾಂಟಾದಲ್ಲಿ ವೆಬ್‌ಸೈಟ್ ವಿನ್ಯಾಸ ಮಾಡಿಕೊಂಡಿದ್ದ ಬೆನ್ ಚೆಸ್ಟ್‌ನಟ್ ಮತ್ತು ಡ್ಯಾನ್ ಕುರ್ಜಿಯಸ್ 2001ರಲ್ಲಿ ತಮ್ಮ ಚಿಕ್ಕಪುಟ್ಟ ಗಿರಾಕಿಗಳಿಗಾಗಿ ಮೇಲ್‌ಚಿಂಪ್ ಮಾಡಿದರು. 2009ರಲ್ಲಿ ಅದಕ್ಕೊಂದು ಉಚಿತ ಯೋಜನೆ ಸೇರಿದ್ದೇ ತಡ, ಒಂದೇ ವರ್ಷದಲ್ಲಿ ಬಳಕೆದಾರರು 85,000ದಿಂದ 4,50,000ಕ್ಕೆ ಏರಿದರು. ಬೇಕರಿ, ಪುಸ್ತಕದಂಗಡಿ, ಯೋಗ ತರಗತಿಯವರೂ ಅಚ್ಚುಕಟ್ಟಾದ ಪತ್ರ ಕಳಿಸುವಂತಾಯಿತು. 2021ರಲ್ಲಿ ತಂತ್ರಾಂಶ ಕಂಪನಿ ಇಂಟ್ಯೂಟ್ ಸುಮಾರು 1,200 ಕೋಟಿ ಡಾಲರ್‌ಗೆ ಮೇಲ್‌ಚಿಂಪ್ ಕೊಂಡಿತು. ಆಮೇಲೆ ಉಚಿತದ ಮಿತಿ ಕುಗ್ಗುತ್ತಾ ಬಂತು. ಭಾರತದ ಜೋಹೊ ಸಂಸ್ಥೆಯೂ ಇಂಥ ಸೇವೆ ಕೊಡುತ್ತಿದೆ. 2017ರಲ್ಲಿ ಬಂದ ಸಬ್‌ಸ್ಟ್ಯಾಕ್ ನ್ಯೂಸ್‌ಲೆಟರನ್ನೇ ಮಾರುವ ಸರಕು ಮಾಡಿತು.

ಇದೇ ಅವಧಿಯಲ್ಲಿ ಸಣ್ಣ ವ್ಯಾಪಾರಿಗಳು ಸಾಮಾಜಿಕ ಜಾಲತಾಣಗಳತ್ತ ಹೊರಳಿದರು. ಅಲ್ಲಿ ಹಿಂಬಾಲಕರು ಸಿಕ್ಕರು, ಅವರ ವಿಳಾಸ ಸಿಗಲಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಬೆಳೆಸಿಕೊಂಡಿದ್ದ ಬಳಗವೆಲ್ಲ ಕೈತಪ್ಪಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಸ್ಥಗಿತಗೊಂಡವು. ಇಮೇಲ್ ಪಟ್ಟಿಯ ಲಾಭ ಇಲ್ಲಿದೆ: ಸೇವೆ ಕೊಡುವ ಕಂಪನಿ ಬೆಲೆ ಏರಿಸಿದರೆ ಪಟ್ಟಿಯನ್ನು ಇಳಿಸಿಕೊಂಡು ಇನ್ನೊಂದು ಕಡೆ ಹೋಗಬಹುದು.

ಎಣಿಕೆ ಸೋತ ಮೇಲೆ

ಜಿಮೇಲ್ 2013ರಲ್ಲಿ ಇನ್‌ಬಾಕ್ಸನ್ನು ವಿಂಗಡಿಸಿ ಪ್ರಚಾರದ ಮೇಲ್‌ಗಳನ್ನು ‘ಪ್ರಮೋಷನ್ಸ್’ ವಿಭಾಗಕ್ಕೆ ತಳ್ಳಿತು. ಮುಂದಿನ ಪೆಟ್ಟು ಎಣಿಕೆಗೆ. ಮೇಲ್ ತೆರೆದರೋ ಇಲ್ಲವೋ ಎಂದು ತಿಳಿಯಲು ಕಳಿಸುವವರು ಪತ್ರದೊಳಗೆ ಕಣ್ಣಿಗೆ ಬೀಳದ ಒಂದು ಚುಕ್ಕಿ ಚಿತ್ರ ಇಡುತ್ತಾರೆ. ಮೇಲ್ ತೆರೆದೊಡನೆ ಆ ಚಿತ್ರ ಸರ್ವರ್‌ನಿಂದ ಇಳಿಯುತ್ತದೆ, ಲೆಕ್ಕಕ್ಕೆ ಒಂದು ಸೇರುತ್ತದೆ. 2021ರ ಸೆಪ್ಟೆಂಬರ್‌ನಿಂದ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಗೋಪ್ಯತೆಯ ಆಯ್ಕೆ ಆರಿಸಿಕೊಂಡವರಿಗೆ, ಅವರು ಓದಲಿ ಬಿಡಲಿ, ಇಂಥ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಡತೊಡಗಿತು. ‘ಇಷ್ಟು ಜನ ತೆರೆದರು’ ಎಂಬ ಅಂಕಿ ನಂಬುವ ಹಾಗಿಲ್ಲವಾಯಿತು. ಈಗ ನೆಚ್ಚಬಹುದಾದ ಅಳತೆ ಬಂದ ಉತ್ತರಗಳು ಮತ್ತು ಬಂದ ಆರ್ಡರ್‌ಗಳು. ಇನ್ನೂರು ಜನರ ಪಟ್ಟಿಯಿರುವ ಅಂಗಡಿಗೆ ಇವೆರಡನ್ನೂ ಕೈಯಲ್ಲೇ ಎಣಿಸಬಹುದು.

2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ಹೊಸ ಷರತ್ತು ಹಾಕಿದವು. ಜಿಮೇಲ್‌ನ ಲೆಕ್ಕದಲ್ಲಿ ದಿನಕ್ಕೆ 5,000 ಮೇಲ್ ಮೀರಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದೃಢೀಕರಣಗಳಿರಬೇಕು, ಒಂದೇ ಕ್ಲಿಕ್ಕಿಗೆ ಪಟ್ಟಿಯಿಂದ ಬಿಡುಗಡೆ ಸಿಗಬೇಕು, ಸ್ಪ್ಯಾಮ್ ಎಂಬ ದೂರು ಶೇ 0.3 ಮುಟ್ಟಬಾರದು. ಸಣ್ಣವರಿಗೂ ಬಿಸಿ ತಟ್ಟಿತು. ಬೇರೆ ಸೇವೆಯ ಮೂಲಕ ಕಳಿಸುತ್ತಾ, ಕಳಿಸಿದವರ ಜಾಗದಲ್ಲಿ ಪುಕ್ಕಟೆ ಜಿಮೇಲ್ ವಿಳಾಸ ಇಡುತ್ತಿದ್ದವರ ಪತ್ರ ಸ್ಪ್ಯಾಮ್‌ಗೆ ಬೀಳುವ ಭಯ ಹೆಚ್ಚಿತು. ಅಂಗಡಿಯ ಹೆಸರಿನ ಡೊಮೇನ್ ಕೊಳ್ಳುವುದು ಈಗ ಅನಿವಾರ್ಯ ಖರ್ಚು.

ನಮ್ಮಲ್ಲಿ ಕತೆ ಬೇರೆ

ಭಾರತದಲ್ಲಿ ಸಣ್ಣ ವ್ಯಾಪಾರದ ಮಾತುಕತೆ ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದ ಮೇಲಂತೂ ದಿನಸಿ ಆರ್ಡರ್‌ನಿಂದ ಸೀರೆಯ ಫೋಟೊವರೆಗೆ ಎಲ್ಲವೂ ಅಲ್ಲೇ. ಆದರೆ ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್‌ಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಒತ್ತು, ಗುಣಿತಗಳು ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಇಮೇಲ್‌ಗೆ ಅಂಥ ಇಕ್ಕಟ್ಟಿಲ್ಲ. ಆದರೂ ಕನ್ನಡದ ಮೇಲ್ ತಡವಾಗಿ ಬಂತು. 1998ರಲ್ಲಿ ಬಂದ ‘ಬರಹ’ದಂಥ ತಂತ್ರಾಂಶಗಳಿಂದ ಟೈಪ್ ಮಾಡುವುದು ಸಲೀಸಾಯಿತು, ಆದರೆ ಅದೇ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅಕ್ಷರಗಳೆಲ್ಲ ಕಲಸುಮೇಲೋಗರ. ಯೂನಿಕೋಡ್ ರೂಢಿಯಾದ ಮೇಲೆಯೇ ಕನ್ನಡದ ಪತ್ರ ಯಾವ ಫೋನಿನಲ್ಲೂ ಓದಲು ಸಿಗುವಂತಾದದ್ದು.

ಕಾನೂನಿನ ಕಡೆ ನೋಡಿದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳ ಕಣ್ಣು ಪ್ರಚಾರದ ಕರೆ ಮತ್ತು ಎಸ್‌ಎಂಎಸ್‌ಗಳ ಮೇಲೆ. ಕಿರಿಕಿರಿ ಮಾಡುವ ಇಮೇಲ್ ಪ್ರಸ್ತಾಪವಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ವಾಕ್‌ಸ್ವಾತಂತ್ರ್ಯದ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಿಗೆ ಮರಳಿದೆ: ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎಂದು ಹೇಳುತ್ತದೆ.

ಯಾರಿಗೆ ಒದಗುತ್ತದೆ?

ಚಿಕ್ಕಮಗಳೂರಿನ ಕಡೆ ಸ್ವಂತ ತೋಟದ ಕಾಫಿಯನ್ನು ಹುರಿದು ಮಾರುವ ಒಬ್ಬ ಬೆಳೆಗಾರರು ಇದ್ದಾರೆಂದುಕೊಳ್ಳೋಣ. ‘ಭಾರಿ ರಿಯಾಯಿತಿ’ ಎಂದು ವಾರಕ್ಕೆರಡು ಮೇಲ್ ಹಾಕಿದರೆ ದೊಡ್ಡ ಕಂಪನಿಗಳ ಗದ್ದಲದಲ್ಲಿ ಅವರದೂ ಒಂದಾಗುತ್ತದೆ. ಬದಲಿಗೆ ತಿಂಗಳಿಗೊಂದು ಪತ್ರ: ಮಾರ್ಚಿನಲ್ಲಿ ಹೂಮಳೆ ಹೊತ್ತಿಗೆ ಸರಿಯಾಗಿ ಬಿತ್ತೇ, ಆಗಸ್ಟಿನಲ್ಲಿ ಎಷ್ಟು ಕಾಯಿ ಉದುರಿತು, ಡಿಸೆಂಬರ್‌ನಲ್ಲಿ ಹಣ್ಣು ಕೊಯ್ಯಲು ಆಳು ಸಿಕ್ಕರೇ, ಕಣದಲ್ಲಿ ಒಣಗುತ್ತಿರುವಾಗ ಮೋಡ ಕವಿದದ್ದು. ಫಿಲ್ಟರಿಗೆ ಎಷ್ಟು ಚಿಕೋರಿ ಸೇರಿಸಬೇಕೆಂಬ ಒಂದು ಮಾತು. ವಿಷಯದ ಸಾಲಿನಲ್ಲಿ ‘ಈ ವಾರ ಹುರಿದ ಅರೇಬಿಕಾ, 40 ಪೊಟ್ಟಣ’. ಕೊನೆಗೆ ಬೆಲೆ, ಆರ್ಡರ್ ಲಿಂಕ್, ಪಟ್ಟಿಯಿಂದ ಬಿಡಿಸಿಕೊಳ್ಳುವ ಲಿಂಕ್. ಇಂಥ ಪತ್ರವನ್ನು ದೊಡ್ಡ ಕಂಪನಿ ಬರೆಯಲಾರದು, ಯಾಕೆಂದರೆ ಅದಕ್ಕೆ ಹೇಳಲು ಒಂದು ತೋಟವಿರುವುದಿಲ್ಲ.

ಎಲ್ಲ ವ್ಯಾಪಾರಕ್ಕೂ ಇದು ಹೊಂದುವುದಿಲ್ಲ. ದಿನಾ ಬರುವ ಗಿರಾಕಿಗಳ ತರಕಾರಿ ಅಂಗಡಿಗೆ ನ್ಯೂಸ್‌ಲೆಟರ್ ಅನಗತ್ಯ. ಅಲ್ಲಿ ಮಾತು ಮುಖಾಮುಖಿಯೇ ನಡೆಯುತ್ತದೆ. ತಕ್ಷಣದ ಆರ್ಡರ್‌ಗೆ ವಾಟ್ಸ್‌ಆ್ಯಪ್ ಸಾಕು. ಪುಸ್ತಕ, ನಾಟಿ ಬೀಜ, ಕಾಫಿ, ಕೈಮಗ್ಗದ ಸೀರೆ, ಹೋಂಸ್ಟೇಗಳಂಥವು ಬೇರೆ. ಒಂದು ಕೊಳ್ಳುವಿಕೆಗೂ ಮತ್ತೊಂದಕ್ಕೂ ತಿಂಗಳುಗಳ ಅಂತರ, ಸರಕಿನ ಹಿಂದೆ ಹೇಳಲೊಂದು ವಿಷಯ, ಊರು ಬಿಟ್ಟು ದೂರ ಹೋದ ಗಿರಾಕಿಗಳು: ಈ ಮೂರೂ ಇದ್ದಲ್ಲಿ ಪತ್ರಕ್ಕೆ ಕೆಲಸವಿದೆ. ಅಲ್ಲಿ ಕೂಡ ಎರಡು ಸಾವಿರ ವಿಳಾಸ ಕೊಂಡು ತರುವುದಕ್ಕಿಂತ ಗಲ್ಲಾಪೆಟ್ಟಿಗೆಯ ಪಕ್ಕದ ಪುಸ್ತಕದಲ್ಲಿ ಗಿರಾಕಿಗಳೇ ಬರೆದುಕೊಟ್ಟ ಇನ್ನೂರು ವಿಳಾಸ ಮೇಲು. ಫಿಲ್ಟರ್, ಕಾಯ್ದೆ, ಗೋಪ್ಯತೆಯ ಹೊಸ ನಿಯಮ ಯಾವುದೇ ಬರಲಿ, ಕೇಳಿ ತರಿಸಿಕೊಂಡ ಪತ್ರಕ್ಕೆ ಅವುಗಳ ಭಯ ಕಡಿಮೆ.