ಕ್ರೈಸ್ತಸಭೆಯಲ್ಲಿ ಹೆಣ್ಣಿನ ಮಾತು

ವಾಚಕರೇ, ನಿಮ್ಮ ಮನೆಯ ರೇಡಿಯೋವಿಗೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ನಮ್ಮ ಮೈಸೂರಿನಿಂದ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ಆ ಹೆಸರನ್ನಿಟ್ಟರು. ಪುರಾಣದಲ್ಲಿ ಅಶರೀರವಾಣಿಯೊಂದು ಕೇಳಿಬರುತ್ತದೆ. ದೇವಕಿಯ ಮದುವೆಯ ಮೆರವಣಿಗೆಯಲ್ಲಿ ಕಂಸನ ಎದೆ ನಡುಗಿಸಿದ್ದು ಅದೇ. ಆ ದನಿ ಗಂಡಿನದೋ ಹೆಣ್ಣಿನದೋ ಎಂದು ಯಾವ ಹರಿಕಥೆದಾಸರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ದನಿಗೆ ಶರೀರವಿಲ್ಲದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. ಶರೀರ ಬಂದೊಡನೆ ಏಳುತ್ತದೆ.

ಇಂದು ನಾನು ಎತ್ತಿಕೊಂಡಿರುವ ವಿಷಯ ಕ್ರೈಸ್ತಸಭೆಗಳಲ್ಲಿ ಬಹಳ ಕಾಲದಿಂದ ಚರ್ಚೆಯಲ್ಲಿದೆ, ಇಂದಿಗೂ ಮುಗಿದಿಲ್ಲ. ಸಭೆ ಕೂಡಿದಾಗ ಹೆಂಗಸು ಎದ್ದು ನಿಂತು ದೇವರ ಹೆಸರಿನಲ್ಲಿ ಮಾತನಾಡಬಹುದೆ? ಕನ್ನಡ ಬೈಬಲಿನ ಮಾತಿನಲ್ಲಿ ಹೇಳುವುದಾದರೆ, ಆಕೆ ಪ್ರವಾದಿಸಬಹುದೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯವರಿಗೆ ‘ಪ್ರವಾದನೆ’ ಎಂದರೆ ಮೊದಲು ನೆನಪಾಗುವುದು ಕಾಲಜ್ಞಾನ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ಹೇಳಿದ ಕಾಲಜ್ಞಾನದ ಮಾತುಗಳು ಆ ಸೀಮೆಯಲ್ಲಿ ಮನೆಮಾತು. ಇನ್ನು ಹೆಣ್ಣಿನ ಬಾಯಲ್ಲಿ ಮುಂದಿನದನ್ನು ಕೇಳುವುದು ನಮಗೆ ಹೊಸದೇನಲ್ಲ. ಬಾಗಿಲಿಗೆ ಬಂದ ಕೊರವಂಜಿ ಕೈ ಹಿಡಿದು ಕಣಿ ಹೇಳಿದರೆ, ಮನೆಯ ಯಜಮಾನರು ನಕ್ಕು ಒಳಗೆ ಹೋದರೂ ಯಜಮಾನಿಯವರು ಮೊರದಲ್ಲಿ ರಾಗಿ ತಂದೇ ತರುತ್ತಿದ್ದರು. ಗಂಗಮ್ಮನ ಜಾತ್ರೆಯಲ್ಲಿ ಹೆಂಗಸಿಗೆ ಮೈದುಂಬಿದರೆ ಊರ ಗೌಡನೂ ಕೈಮುಗಿದು ನಿಲ್ಲುತ್ತಾನೆ.

ಆದರೆ ಕ್ರೈಸ್ತರು ಪ್ರವಾದನೆ ಎನ್ನುವುದು ಕಣಿಯೂ ಅಲ್ಲ, ಕೇವಲ ಭವಿಷ್ಯವೂ ಅಲ್ಲ. ಸಂತ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಅದನ್ನು ವಿವರಿಸಿದ್ದಾನೆ: ಕೇಳುವವರನ್ನು ಕಟ್ಟಿ ಬೆಳೆಸುವ, ಕುಗ್ಗಿದವರಿಗೆ ಧೈರ್ಯ ಕೊಡುವ, ನೊಂದವರನ್ನು ಸಮಾಧಾನಪಡಿಸುವ ಮಾತು. ಹೀಗೆಂದ ಮೇಲೆ ಅದನ್ನು ಹೆಂಗಸು ಆಡಬಾರದೆನ್ನುವುದು ಹೇಗೆ ಎಂದು ನೀವು ಕೇಳಬಹುದು. ತೊಡಕು ಇರುವುದು ಅದೇ ಪತ್ರದಲ್ಲಿ. ಹನ್ನೊಂದನೆಯ ಅಧ್ಯಾಯದಲ್ಲಿ ಪೌಲನು ಪ್ರಾರ್ಥಿಸುವ, ಪ್ರವಾದಿಸುವ ಹೆಂಗಸು ತಲೆಯ ಮೇಲೆ ಮುಸುಕು ಹಾಕಿಕೊಳ್ಳಬೇಕೆನ್ನುತ್ತಾನೆ. ಹೆಂಗಸರು ಪ್ರವಾದಿಸುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬಾಯಿ ತೆರೆಯದವಳಿಗೆ ಮುಸುಕಿನ ನಿಯಮವೇಕೆ? ಮುಂದೆ ಹದಿನಾಲ್ಕನೆಯ ಅಧ್ಯಾಯಕ್ಕೆ ಬಂದರೆ, ಹೆಂಗಸರು ಸಭೆಯಲ್ಲಿ ಮೌನವಾಗಿರಲಿ, ತಿಳಿಯಬೇಕಾದ್ದನ್ನು ಮನೆಯಲ್ಲಿ ಗಂಡಂದಿರನ್ನು ಕೇಳಲಿ ಎಂಬ ಮಾತಿದೆ. ಮೂರು ಅಧ್ಯಾಯಗಳ ಅಂತರದಲ್ಲಿ ಎರಡು ಮಾತು. ಇವೆರಡನ್ನೂ ಹೊಂದಿಸಲು ಪಂಡಿತರು ಸುರಿಸಿದ ಶಾಯಿಗೆ ಲೆಕ್ಕವಿಲ್ಲ. ಆ ನಿಷೇಧ ನಡುವೆ ಗದ್ದಲ ಮಾಡುತ್ತಿದ್ದವರಿಗೆ ಮಾತ್ರ ಎಂದು ಕೆಲವರು. ಅದು ಪೌಲನ ಕೈಬರಹವೇ ಅಲ್ಲ, ಆಮೇಲೆ ಸೇರಿದ್ದು ಎಂದು ಕೆಲವರು. ಪ್ರವಾದನೆಯ ವರವೇ ಅಪೊಸ್ತಲರ ಕಾಲಕ್ಕೆ ಮುಗಿಯಿತು, ಈಗ ಗಂಡಸಿಗೂ ಇಲ್ಲ, ಹೆಂಗಸಿಗೂ ಇಲ್ಲ ಎಂದು ಮತ್ತೆ ಕೆಲವರು. ಈ ಕೊನೆಯವರದು ಜಗಳ ಬಿಡಿಸುವ ಸುಲಭ ಉಪಾಯ. ಮನೆಗೇ ಬೀಗ ಹಾಕಿದರೆ ಪಾಲಿನ ತಕರಾರಿಲ್ಲ.

ಇಲ್ಲಿ ನಾನು ಗಮನಿಸಿದ ಒಂದು ಸಂಗತಿ ಇದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹುಲ್ದ ಎಂಬ ಪ್ರವಾದಿನಿ ಬರುತ್ತಾಳೆ. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ, ಯೋಷೀಯನೆಂಬ ಅರಸನ ಕಾಲಕ್ಕೆ, ಯೆರೂಸಲೇಮಿನ ದೇವಾಲಯದ ರಿಪೇರಿಯಲ್ಲಿ ಹಳೆಯ ಧರ್ಮಗ್ರಂಥವೊಂದು ಸಿಕ್ಕಿತು. ಇದು ಸತ್ಯವೋ, ಇದರ ಅರ್ಥವೇನು ಎಂದು ಅರಸನು ಮಹಾಯಾಜಕನನ್ನೂ ಮಂತ್ರಿಗಳನ್ನೂ ವಿಚಾರಿಸಲು ಕಳುಹಿಸಿದನು. ಅವರು ಹೋದದ್ದು ಹುಲ್ದಳ ಬಳಿಗೆ. ಯೆರೆಮೀಯನಂಥ ಹೆಸರಾಂತ ಪ್ರವಾದಿ ಆಗ ಬದುಕಿದ್ದರೂ ಹೋದದ್ದು ಆಕೆ ವಾಸವಾಗಿದ್ದ ಕೇರಿಗೆ. ದೇವಾಲಯದ ಪೀಠದ ಮೇಲೆ ಆಕೆಯನ್ನು ಯಾರೂ ಕೂರಿಸಲಿಲ್ಲ. ಪೀಠದಲ್ಲಿದ್ದವರೇ ಆಕೆಯ ಬಾಗಿಲಿಗೆ ಬಂದರು. ಹೊಸ ಒಡಂಬಡಿಕೆಯಲ್ಲಿ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರೆಂದಿದೆ. ಆದರೆ ಅವರು ಏನು ಹೇಳಿದರೆಂದು ಒಂದು ಅಕ್ಷರವೂ ಇಲ್ಲ, ಅವರ ಹೆಸರೂ ಇಲ್ಲ. ಈ ಎರಡು ಚಿತ್ರಗಳನ್ನು ನೆನಪಿನಲ್ಲಿಡಿ. ಮನೆಯೊಳಗೆ ದನಿಯುಂಟು, ಕಾಗದದ ಮೇಲೆ ಹೆಸರಿಲ್ಲ. ನಮ್ಮ ಸೀಮೆಯ ಇತಿಹಾಸಕ್ಕೆ ಇವೇ ಕೀಲಿಕೈ.

ನಡುವಣ ಶತಮಾನಗಳನ್ನು ಬೇಗ ದಾಟೋಣ. 2ನೆಯ ಶತಮಾನದಲ್ಲಿ ಇಂದಿನ ತುರ್ಕಿಯ ಫ್ರಿಜಿಯ ಪ್ರಾಂತದಲ್ಲಿ ಪ್ರಿಸ್ಕಿಲ್ಲ, ಮ್ಯಾಕ್ಸಿಮಿಲ್ಲ ಎಂಬ ಇಬ್ಬರು ಪ್ರವಾದಿನಿಯರಿದ್ದರು. ಸಭೆ ಅವರ ಪಂಥವನ್ನು ಹೊರಗಿಟ್ಟಿತು. ನಮ್ಮಲ್ಲಿ ಅಕ್ಕಮಹಾದೇವಿ ಇದ್ದ 12ನೆಯ ಶತಮಾನದಲ್ಲೇ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ ತನಗಾದ ದರ್ಶನಗಳನ್ನು ಬರೆದು, ಊರೂರಿಗೆ ಹೋಗಿ ಪಾದ್ರಿಗಳಿಗೇ ಬುದ್ಧಿ ಹೇಳಿದಳು. ರೋಮಿನ ಸಭೆ ಆಕೆಗೆ ‘ಸಭೆಯ ಆಚಾರ್ಯೆ’ ಎಂಬ ಗೌರವ ಕೊಟ್ಟದ್ದು 2012ರಲ್ಲಿ. ತಡವೆಂದು ನಾವು ನಗಬೇಕಿಲ್ಲ.

ಈಗ ಮನೆಗೆ ಬರೋಣ. ಚಿಕ್ಕಬಳ್ಳಾಪುರ ತನ್ನದೇ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಈ ನಾಲ್ಕು ತಾಲ್ಲೂಕುಗಳೂ ಕೋಲಾರ ಜಿಲ್ಲೆಗೆ ಸೇರಿದ್ದವು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಒಣಗಿಸಿದ ಧಾತು-ಈಶ್ವರ ಸಂವತ್ಸರಗಳ ಬರವನ್ನು ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಸಂಸ್ಥಾನದ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಅಳಿಯಿತು. ಆ ಕಾಲಕ್ಕೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಹಾಕಿ ಸಾಕಿದವರು ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ. ಮೊದಲು ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಕೆಲಸದಲ್ಲಿದ್ದವರು, ಆಮೇಲೆ ಸ್ವತಂತ್ರವಾಗಿ ನಿಂತರು. ಕೋಲಾರದ ಅನಾಥಾಲಯವನ್ನೂ ಅದರ ಸುತ್ತ ಬೆಳೆದ ಸಭೆಯನ್ನೂ ನಡೆಸಿದ್ದು ಒಬ್ಬ ಹೆಂಗಸು. ಮಕ್ಕಳಿಗೆ ಅನ್ನ ಹಾಕಿದವಳೇ ಮಕ್ಕಳಿಗೆ ದೇವರ ಮಾತನ್ನೂ ಹೇಳಿದಳು. 1890ರಲ್ಲಿ ಆ ಕೆಲಸವೆಲ್ಲ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಸೇರಿತು. ಆ ಮೆಥೊಡಿಸ್ಟ್ ಸಭೆ ಹೆಂಗಸರಿಗೆ ಪಾದ್ರಿಯ ಪೂರ್ಣ ಹಕ್ಕು ಕೊಟ್ಟದ್ದು 1956ರಲ್ಲಿ. ಲೆಕ್ಕ ಹಾಕಿ ನೋಡಿ: ಹೆಂಗಸು ಕಟ್ಟಿದ ಸಭೆಯನ್ನು ವಹಿಸಿಕೊಂಡವರಿಗೆ ಹೆಂಗಸನ್ನು ಪೀಠಕ್ಕೇರಿಸಲು 66 ವರ್ಷ ಬೇಕಾಯಿತು.

ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್ ನೆಲೆ ಮಾಡಿತು. ಅದರ ಮುಖ್ಯಸ್ಥರಲ್ಲೊಬ್ಬರಾಗಿದ್ದ ವಾರ್ಡ್‌ಲಾ ಥಾಮ್ಸನ್ ಅವರ ಹೆಸರಿನಲ್ಲಿ 1910ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ಎದ್ದಿತು, ಇಂದಿನ ಸಿ.ಎಸ್.ಐ. ಆಸ್ಪತ್ರೆ ಅದೇ. ಆ ಕಾಲದ ಮಿಷನ್ನುಗಳಲ್ಲಿ ‘ಬೈಬಲ್ ವುಮನ್’ ಎಂಬ ಹೆಂಗಸರಿರುತ್ತಿದ್ದರು. ಇವರು ಹೆಚ್ಚಾಗಿ ವಿಧವೆಯರು, ಇಲ್ಲವೆ ಉಪದೇಶಿಗಳ ಹೆಂಡತಿಯರು; ಓದುಬರಹ ಬಲ್ಲವರು. ಗೋಷಾ ಇರುವ ಮನೆಗೆ, ಮಡಿಯ ಮನೆಗೆ, ಬಾಣಂತಿಯ ಕೋಣೆಗೆ ಗಂಡಸು ಪಾದ್ರಿ ಕಾಲಿಡುವಂತಿರಲಿಲ್ಲ. ಕೈಯಲ್ಲಿ ಪುಸ್ತಕದ ಚೀಲ ಹಿಡಿದು ಹೋಗುತ್ತಿದ್ದವಳು ಈಕೆ. ನಡುಮನೆಯಲ್ಲಿ ಕುಳಿತು ಓದಿ ಹೇಳುವಳು. ಮಗುವನ್ನು ಕಳೆದುಕೊಂಡವಳ ಬೆನ್ನು ಸವರುವಳು. ಗಂಡ ಹೊಡೆದನೆಂದು ಅಳುವವಳ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುವಳು. ಕಟ್ಟುವುದು, ಧೈರ್ಯ ಕೊಡುವುದು, ಸಮಾಧಾನಪಡಿಸುವುದು. ಪೌಲನು ಪ್ರವಾದನೆಗೆ ಕೊಟ್ಟ ಲಕ್ಷಣಗಳಲ್ಲಿ ಇಲ್ಲಿ ಕಡಿಮೆಯಾದದ್ದು ಯಾವುದು? ಆದರೆ ಭಾನುವಾರ ಬಂತೆಂದರೆ ಇದೇ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚಾಪೆಯ ಮೇಲೆ ಹೆಂಗಸರ ಸಾಲಿನಲ್ಲಿ ಸುಮ್ಮನೆ ಕೂರುವಳು. ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಆಕೆ ಸಾಮಾನ್ಯವಾಗಿ ಒಂದು ಅಂಕಿ. ಬೈಬಲ್ ವುಮನ್ ಇಷ್ಟು ಜನ, ಅಷ್ಟೆ. ಫಿಲಿಪ್ಪನ ಹೆಣ್ಣುಮಕ್ಕಳ ಹಾಗೆ.

ಆದ್ದರಿಂದ ನನಗನ್ನಿಸುವುದು ಇದು: ಹೆಂಗಸು ದೇವರ ಮಾತನ್ನಾಡಬಹುದೇ ಎಂಬುದು ನಮ್ಮ ಕಡೆ ಎಂದೂ ನಿಜವಾದ ಪ್ರಶ್ನೆಯಾಗಿರಲಿಲ್ಲ. ಎಲ್ಲಿ ನಿಂತು ಆಡಬಹುದು ಎಂಬುದೇ ಪ್ರಶ್ನೆ. ನಡುಮನೆಯಲ್ಲಿ ಒಪ್ಪಿದ್ದನ್ನು ಪೀಠದ ಮೇಲೆ ಒಪ್ಪಲಿಲ್ಲ.

ಈ ಪ್ರಶ್ನೆಯನ್ನು ಮೈಮೇಲೆ ಹೊತ್ತು ಬದುಕಿದ ಒಬ್ಬರು ನಮ್ಮ ನಾಡಿನಲ್ಲೇ ಹುಟ್ಟಿದವರು, ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮಾತೃಭಾಷೆ ಮರಾಠಿಯಾದರೂ ಕನ್ನಡವನ್ನೂ ಬಲ್ಲವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಅಪರಾಧಕ್ಕೆ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಲ್ಲಬೇಕಾಯಿತು. ಶಾಸ್ತ್ರವಾಕ್ಯಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಹೆಣ್ಣು ಓದಬಹುದೆಂದು ಅವರು ಸಭೆಯನ್ನು ಒಪ್ಪಿಸಿದರು. ರಮಾಬಾಯಿಯವರೇ ಇದನ್ನು ಬರೆದಿಟ್ಟಿದ್ದಾರೆ. ಆಮೇಲೆ 1870ರ ದಶಕದ ಬರ ಆ ಕುಟುಂಬವನ್ನೂ ಬಿಡಲಿಲ್ಲ. ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹಸಿವೆಯನ್ನು ಕಂಡ ಆ ಹುಡುಗಿ 1878ರಲ್ಲಿ ಕಲ್ಕತ್ತೆಗೆ ಹೋಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಪಡೆದರು. ಇಂಗ್ಲೆಂಡಿನಲ್ಲಿ 1883ರಲ್ಲಿ ಕ್ರೈಸ್ತ ದೀಕ್ಷೆ ಪಡೆದರು.

ಸ್ವಾರಸ್ಯ ಇನ್ನು ಮುಂದಿದೆ. ಅಲ್ಲಿನ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ, ಗಂಡಸರಿಗೂ ಆಕೆ ಪಾಠ ಹೇಳಬಹುದೆಂಬ ಸೂಚನೆ ಬಂತು. ಭಾರತದಲ್ಲಿ ಅಧಿಕಾರದಲ್ಲಿದ್ದ ಇಂಗ್ಲಿಷ್ ಬಿಷಪ್ಪರು ಕೂಡದೆಂದರು. ಗಂಡಸರಿಗೆ ಪಾಠ ಹೇಳಿ ಭಾರತಕ್ಕೆ ಹಿಂದಿರುಗಿದರೆ ಅಲ್ಲಿಯ ಜನ ಏನೆಂದುಕೊಂಡಾರು ಎಂಬುದು ಅವರ ಆತಂಕ! ನನ್ನ ತಂದೆಯಾಗಲಿ ಗಂಡನಾಗಲಿ ಆಕ್ಷೇಪಿಸದಿದ್ದುದನ್ನು ನೀವು ಆಕ್ಷೇಪಿಸುವುದು ಆಶ್ಚರ್ಯ ಎಂಬರ್ಥದ ಉತ್ತರವನ್ನು ರಮಾಬಾಯಿ ಬರೆದರು. ಉಡುಪಿಯ ಪಂಡಿತರು ಒಪ್ಪಿದ್ದನ್ನು ಬಿಷಪ್ಪರು ಒಪ್ಪಲಿಲ್ಲವೆಂಬುದನ್ನು ನೆನೆದಾಗಲೆಲ್ಲ ನನಗೆ ನಗೆ ಬರುತ್ತದೆ, ಒಂದಿಷ್ಟು ನೋವೂ ಆಗುತ್ತದೆ.

ಪುಣೆಯ ಬಳಿಯ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಸದನ ಬರಗಾಲದ ಹುಡುಗಿಯರ, ಬಾಲವಿಧವೆಯರ ಆಸರೆ. 1905ರ ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿ ಒಂದು ರಾತ್ರಿ ಪ್ರಾರ್ಥನೆಯಲ್ಲಿದ್ದ ಹುಡುಗಿಯೊಬ್ಬಳು ಮೈಗೆ ಬೆಂಕಿ ಬಿದ್ದಂತೆ ಕೂಗಿಕೊಂಡಳು. ಪಕ್ಕದವಳು ನೀರು ತರಲು ಓಡಿದಳೆಂದು, ರಮಾಬಾಯಿಯವರ ಸಹಾಯಕಿ ಮಿನ್ನಿ ಅಬ್ರಾಮ್ಸ್ ಬರೆದಿದ್ದಾರೆ. ಮುಂದಿನ ದಿನಗಳಲ್ಲಿ ನೂರಾರು ಹುಡುಗಿಯರು ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ಪ್ರವಾದಿಸಿದರು, ಗುಂಪುಕಟ್ಟಿಕೊಂಡು ಹಳ್ಳಿಗಳಿಗೆ ಹೋಗಿ ಮಾತನಾಡಿದರು. ಇದೆಲ್ಲ ಹುಚ್ಚಾಟವೆಂದು ಟೀಕಿಸಿದ ಮಿಷನರಿಗಳೂ ಇದ್ದರು. ಹುಡುಗಿಯರು ತಮ್ಮ ರೀತಿಯಲ್ಲೇ ದೇವರನ್ನು ಕರೆಯಲಿ ಎಂದು ರಮಾಬಾಯಿ ತಡೆಯಲು ಒಪ್ಪಲಿಲ್ಲ. ಪೆಂಟೆಕೋಸ್ಟ್ ಪಂಥದ ತವರೆಂದು ಹೇಳುವ ಲಾಸ್ ಏಂಜಲೀಸಿನ ಕೂಟಗಳು ನಡೆದದ್ದು ಇದಾದ ಮರುವರ್ಷ, 1906ರಲ್ಲಿ. ಅಬ್ರಾಮ್ಸ್ ಬರೆದ ಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶವನ್ನು ಮುಟ್ಟಿ ಅಲ್ಲಿಯೂ ಹೊಸ ಸಭೆಗಳೇಳಲು ಪ್ರೇರಣೆಯಾಯಿತು. 1912ರಲ್ಲಿ ಗುಲ್ಬರ್ಗದಲ್ಲಿ ಕ್ರೈಸ್ತ ಶಾಲೆ ತೆರೆದದ್ದು ರಮಾಬಾಯಿ. ನಡೆಸಿದ್ದು ಅವರ ಮಗಳು ಮನೋರಮಾ.

ಪೀಠದ ಕಥೆ ಇನ್ನಷ್ಟು ನಿಧಾನ. ಚಿಕ್ಕಬಳ್ಳಾಪುರದ ಲಂಡನ್ ಮಿಷನ್ನಿಗೆ ಆಧಾರವಾಗಿದ್ದದ್ದು ಹೆಚ್ಚಾಗಿ ಇಂಗ್ಲೆಂಡಿನ ಕಾಂಗ್ರಿಗೇಷನಲ್ ಸಭೆಗಳು. ಆ ಸಭೆಗಳವರು 1917ರಲ್ಲೇ ಕಾನ್‌ಸ್ಟನ್ಸ್ ಕೋಲ್ಟ್‌ಮನ್ ಎಂಬಾಕೆಗೆ ಪಾದ್ರಿ ದೀಕ್ಷೆ ಕೊಟ್ಟರು. ಇಲ್ಲಿ ಮಾತ್ರ ಕಾಯಬೇಕಾಯಿತು. 1947ರಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಹೆಂಗಸರಿಗೆ ಪಾದ್ರಿ ದೀಕ್ಷೆ ಅದರಲ್ಲಿ 1970ರ ದಶಕದಲ್ಲಿ ಆರಂಭವಾಯಿತು. 2013ರಲ್ಲಿ ನಮ್ಮ ನೆರೆಯ ರಾಯಲಸೀಮೆಯ ನಂದ್ಯಾಲಕ್ಕೆ ಎಗ್ಗೋನಿ ಪುಷ್ಪಲಲಿತ ಅವರು ಬಿಷಪ್ಪರಾದರು. ರೋಮಿನ ಸಭೆಯಲ್ಲಿ ಯಾಜಕ ದೀಕ್ಷೆ ಇಂದಿಗೂ ಗಂಡಸರಿಗೆ ಮಾತ್ರ. ಬ್ರದರನ್ ಪಂಥದವರ ಕೂಟಗಳಲ್ಲಿ ಸಾಮಾನ್ಯವಾಗಿ ಹೆಂಗಸರದು ಮೌನವೇ. ಪೆಂಟೆಕೋಸ್ಟ್ ಕೂಟಗಳಲ್ಲಿ ಹೆಂಗಸರು ಎದ್ದು ಸಾಕ್ಷಿ ಹೇಳುತ್ತಾರೆ, ಪ್ರವಾದಿಸುತ್ತಾರೆ. ಆದರೆ ಹಣ, ಆಡಳಿತ, ತೀರ್ಮಾನ ಬಂದಾಗ ಅನೇಕ ಕಡೆ ಗಂಡಸರದೇ ಕೈ.

ಪೌಲನ ಹದಿನಾಲ್ಕನೆಯ ಅಧ್ಯಾಯವನ್ನು ನಂಬಿ ಇದನ್ನೆಲ್ಲ ಒಪ್ಪದವರು ಕಪಟಿಗಳೆಂದು ನಾನು ಹೇಳಲಾರೆ. ಗ್ರಂಥದ ಮಾತಿಗೆ ತಲೆಬಾಗುವುದು ಅವರಿಗೆ ಪ್ರಾಣದಷ್ಟೇ ಮುಖ್ಯ. ಆದರೆ ಹನ್ನೊಂದನೆಯದೂ ಅದೇ ಗ್ರಂಥದಲ್ಲಿದೆ. ಸೆರಗಿನ ನಿಯಮವನ್ನು ಉಳಿಸಿಕೊಂಡು, ಆ ಸೆರಗಿನ ಕೆಳಗಿನ ಬಾಯಿಯನ್ನು ಮರೆತದ್ದು ಹೇಗೆಂಬುದಕ್ಕೆ ಅವರಿಂದ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಕೊನೆಗೆ ಭಾಷೆಯ ಒಂದು ಪೇಚು. ಕನ್ನಡ ಬೈಬಲಿನಲ್ಲಿ ‘ಪ್ರವಾದಿನಿ’ ಎಂಬ ಚೆಲುವಾದ ಶಬ್ದ ಸಿದ್ಧವಾಗಿದೆ. ಆದರೆ ಪೀಠದಲ್ಲಿ ನಿಂತ ಹೆಂಗಸನ್ನು ಏನೆಂದು ಕರೆಯುವುದು? ‘ಪಾದ್ರಿಯಮ್ಮ’ ಎಂದರೆ ನಮ್ಮ ಕಿವಿಗೆ ಇನ್ನೂ ಪಾದ್ರಿಯವರ ಹೆಂಡತಿಯೇ. ಸಂಸ್ಕೃತ ವ್ಯಾಕರಣದವರು ಈ ತೊಡಕನ್ನು ಎಂದೋ ಬಿಡಿಸಿದ್ದರು. ಆಚಾರ್ಯರ ಹೆಂಡತಿ ‘ಆಚಾರ್ಯಾನೀ’. ತಾನೇ ಪಾಠ ಹೇಳುವವಳು ‘ಆಚಾರ್ಯಾ’. ಗಂಗಾಮೂಲದ ಕಾಡಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಪಾಠ ಹೇಳಿದ ಅನಂತಶಾಸ್ತ್ರಿಗಳಿಗೆ ಆ ಎರಡು ರೂಪಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿದ್ದಿರಬೇಕು.