ಮೋಟಾರ್ ದೋಣಿಯ ಪುನಶ್ಚೇತನ

ಮೋಟಾರ್ ದೋಣಿಯ ಪುನಶ್ಚೇತನ ಎಂದರೆ ಬಹುಕಾಲ ಬಳಕೆಯಿಲ್ಲದೆ, ನೀರು ಹೊಕ್ಕು ಕೆಟ್ಟ ದೋಣಿಯ ಒಡಲನ್ನೂ ಎಂಜಿನ್ನನ್ನೂ ಮತ್ತೆ ಬಳಕೆಗೆ ತರುವ ಕಾರ್ಯ. ಸಣ್ಣ ದೋಣಿಗಳ ಎಂಜಿನ್ನನ್ನು ಹಿಂಬದಿಯ ಹಲಗೆಗೆ ಹೊರಗಿನಿಂದ ಜೋಡಿಸಿರುವುದರಿಂದ ಹವ್ಯಾಸಿಗಳೂ ಅದನ್ನು ಕಳಚಿ ದುರಸ್ತಿ ಮಾಡಬಹುದು.

ಹಾನಿಯ ಸ್ವರೂಪ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪರಿಸರದ ಚುಳಕಿ ನಾಲಾ, ಕಾರಂಜಾ ಜಲಾಶಯಗಳದು ಸಿಹಿನೀರು. ಕರಾವಳಿಯ ಉಪ್ಪುನೀರಿಗಿಂತ ಇದರಲ್ಲಿ ಲೋಹದ ಸವೆತ ನಿಧಾನ. ಆದರೂ ಮುಳುಗಿದ್ದ ಎಂಜಿನ್ನನ್ನು ಮೇಲೆತ್ತಿದೊಡನೆ ತೇವದ ಭಾಗಗಳಿಗೆ ಗಾಳಿ ತಗುಲಿ ತುಕ್ಕು ಬೇಗ ಹಿಡಿಯುತ್ತದೆ. ಕೆಲಸವನ್ನು ಅಂದೇ ಆರಂಭಿಸಬೇಕು.

ದುರಸ್ತಿಯ ಕ್ರಮ

ಎಂಜಿನ್ನನ್ನು ಮೊದಲೇ ಚಾಲೂ ಮಾಡಲು ಯತ್ನಿಸಬಾರದು. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು; ಸಿಲಿಂಡರಿನಲ್ಲಿ ಅದು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೈಯಿಂದ ಮೆಲ್ಲನೆ ತಿರುಗಿಸಿ ನೀರನ್ನು ಹೊರಹಾಕಿ, ಎಣ್ಣೆ ಬಿಡಬೇಕು. ಪೆಟ್ರೋಲ್ ಹಗುರವಾದ್ದರಿಂದ ನೀರು ಟ್ಯಾಂಕಿನ ತಳದಲ್ಲಿ ಉಳಿಯುತ್ತದೆ. ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದುಮಾಡಿ ಶುಚಿಗೊಳಿಸಬೇಕು. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಕೆಟ್ಟು ನೀರು ಸೇರಿದೆ ಎಂದರ್ಥ.

ಫೈಬರ್ ಗ್ಲಾಸ್ ಒಡಲನ್ನು ತಟ್ಟಿದಾಗ ಮಂದ ಸದ್ದು ಬಂದೆಡೆ ಒಳಗಿನ ಮರ ಕೊಳೆತಿರಬಹುದು. ಎಂಜಿನ್ನಿನ ಭಾರ ಹೊರುವ ಹಿಂಬದಿಯ ಹಲಗೆ ಮೆತ್ತಗಾಗಿದ್ದರೆ, ಎಂಜಿನ್ ಸರಿಯಾಗಿದ್ದರೂ ದೋಣಿಯನ್ನು ನೀರಿಗಿಳಿಸಬಾರದು.

ಪರೀಕ್ಷೆ

ಎಂಜಿನ್ನಿನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ಗಾಳಿಯಾಡುವ ಬಯಲಿನಲ್ಲಿ ಚಲಾಯಿಸಿ ನೋಡಬೇಕು. ನೀರಿಲ್ಲದೆ ಓಡಿಸಿದರೆ ಎಂಜಿನ್ನನ್ನು ತಂಪಾಗಿಡುವ ಪಂಪಿನ ರಬ್ಬರ್ ಚಕ್ರ ಬೇಗನೆ ಹಾಳಾಗುತ್ತದೆ.